ಏರಿನಲ್ಲಿ ದಮ್ಮು

ಎದುರಿಗೆ ಬಂದ ಕಾಗದವನ್ನು ಅರ್ಧ ಓದಿ, ಉಳಿದರ್ಧವನ್ನು ಊಹಿಸಿಕೊಂಡು, ಅದರ ಕೆಳಗೆ ಸಹಿ ಹಾಕಿ ಕೈತೊಳೆದುಕೊಂಡವರಲ್ಲಿ ನೀವೂ ಒಬ್ಬರಲ್ಲವೇ? ಅಲ್ಲವೆನ್ನುವ ಮುನ್ನ ಸ್ವಲ್ಪ ತಡೆಯಿರಿ. ತರೀಕೆರೆಯ ಬೆನಕಪ್ಪನನ್ನು ರೋಗಿಯನ್ನಾಗಿ ಮಾಡಿದವರು ಯಾರೂ ಕೆಟ್ಟವರಾಗಿರಲಿಲ್ಲ. ಅವರಲ್ಲಿ ಒಬ್ಬರಿಗೂ ಅವನ ಮೇಲೆ ಹಗೆಯಿರಲಿಲ್ಲ. ಎಲ್ಲರೂ ಓದು ಬರಹ ಬಲ್ಲವರು, ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುವವರು, ಮಠದ ಕೆಲಸವೆಂದರೆ ಮುಂದೆ ನಿಲ್ಲುವವರು. ನಾಲ್ಕು ಸಾಲಿನ ಬರಹವೊಂದನ್ನು ಕೈಯಲ್ಲಿ ಹಿಡಿದು, ಬರೆದವನನ್ನು ಎದುರಿಗೆ ಕರೆದು, ‘ಇದು ಯಾರ ವಿಷಯ?’ ಎಂದು ಕೇಳುವಷ್ಟು ಶ್ರಮವನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ.

ಅದು ಎಂಬತ್ತಾರನೆಯ ಇಸವಿ. ಹೊರದೇಶದ ನೆರವಿನಿಂದ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಯೋಜನೆಯೊಂದು ತರೀಕೆರೆಯಲ್ಲಿ ಸಣ್ಣ ಕಚೇರಿಯೊಂದನ್ನು ತೆರೆದಿತ್ತು. ನೆರವು ಕೊಟ್ಟವರು ಹಣದ ಜೊತೆಗೆ ಒಂದು ಕಾರನ್ನೂ ಕೊಟ್ಟಿದ್ದರು. ಬಿಳಿಯ ಬಣ್ಣದ, ಎತ್ತರದ, ಹಿಂದೆ ಪೈಪು ಪಂಪುಗಳನ್ನು ತುಂಬಲು ಜಾಗವಿದ್ದ ಉದ್ದನೆಯ ಡೀಸೆಲ್ ಕಾರು. ಅದನ್ನು ಓಡಿಸಲು ನೇಮಕವಾದವನು ಹತ್ತಿರದ ಶಿವನಿ ಊರಿನಿಂದ ಬಂದ ಬೆನಕಪ್ಪ. ವಯಸ್ಸು ನಲವತ್ತೊಂದು. ಹದಿನೈದು ವರ್ಷ ಈರುಳ್ಳಿ ಲಾರಿ ಓಡಿಸಿದವನು. ತಂದೆ ತಾಯಿ ತೀರಿಕೊಂಡಿದ್ದರು. ಮದುವೆಯ ಮಾತು ಎರಡು ಸಲ ಎದ್ದು, ಎರಡು ಸಲವೂ ಲಾರಿಯ ಹಿಂದಿನ ಧೂಳಿನಂತೆ ದಾರಿಯಲ್ಲೇ ಅಡಗಿಹೋಗಿತ್ತು. ತರೀಕೆರೆಯಲ್ಲಿ ವಿಶಾಲಾಕ್ಷಮ್ಮನೆಂಬ ಹಿರಿಯ ಹೆಂಗಸಿನ ಮನೆಯ ಪಕ್ಕದ ಕೋಣೆಯಲ್ಲಿ ಅವನ ವಾಸ. ಬೆಳಿಗ್ಗೆ ಆಕೆ ಕೊಡುವ ಒಂದು ಲೋಟ ಕಾಫಿ, ಆಕೆಯ ಮೊಮ್ಮಕ್ಕಳ ಎರಡು ಮಾತು, ಆಮೇಲೆ ದಿನವಿಡೀ ಕಾರು. ಇಷ್ಟೇ ಅವನ ಬಳಗ. ಇದು ಕಡಿಮೆಯಾಯಿತೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಆ ಕಾರಿನ ಎಂಜಿನ್ ಮಾಮೂಲಿಯದಲ್ಲ, ಟರ್ಬೊ. ಎಂಜಿನ್ ಹೊರಗೆ ಉಗುಳುವ ಹೊಗೆಯ ರಭಸಕ್ಕೇ ತಿರುಗುವ ಅಂಗೈಯಗಲದ ಚಕ್ರವೊಂದು ಅದರಲ್ಲಿತ್ತು. ಆ ಚಕ್ರದ ಜೋಡಿ ಚಕ್ರವು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಕ್ಕೆ ತುಂಬುತ್ತಿತ್ತು. ಗಾಳಿ ಹೆಚ್ಚು ತುಂಬಿದಷ್ಟೂ ಎಂಜಿನ್ನಿಗೆ ಬಲ ಹೆಚ್ಚು. ಎಷ್ಟು ತುಂಬುತ್ತಿದೆಯೆಂದು ತೋರಿಸುವ ಮುಳ್ಳಿನ ಮೀಟರೊಂದು ಸ್ಟೇರಿಂಗಿನ ಹಿಂದಿತ್ತು. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಕಡೆಗೆ ಏರು ಶುರುವಾದಾಗ ಆ ಮುಳ್ಳು ಎದ್ದು ಹಸಿರು ಗೆರೆಯ ತುದಿಯವರೆಗೆ ಹೋಗುವುದನ್ನು ನೋಡುವುದೆಂದರೆ ಬೆನಕಪ್ಪನಿಗೆ ಹಿಗ್ಗು. ಜಗ್ಗಿ ಜಗ್ಗಿ ಏರು ಹತ್ತಿಸಿದ ಲಾರಿಗಳ ನೆನಪಿದ್ದ ಅವನ ಕಾಲಿಗೆ, ಒತ್ತಿದೊಡನೆ ಓಗೊಡುವ ಆ ಗಾಡಿ ಒಂದು ಮರ್ಯಾದೆಯಂತೆ ತೋರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅದೇ ಏರಿನಲ್ಲಿ ಗಾಡಿ ತಡವರಿಸಿತು. ಹೇಳಿದ್ದು ಸರಿಯಾಗಿ ಕೇಳಿಸದವರು ‘ಆಂ?’ ಎಂದು ಒಂದು ಕ್ಷಣ ನಿಂತು ಆಮೇಲೆ ಉತ್ತರ ಕೊಡುತ್ತಾರಲ್ಲ, ಹಾಗೆ. ಕಾಲೊತ್ತಿದರೆ ಹಿಂದಿನಿಂದ ಕಪ್ಪು ಹೊಗೆ ಬಂತು, ವೇಗ ಬರಲಿಲ್ಲ. ಮುಳ್ಳು ಅರ್ಧಕ್ಕೆ ಎದ್ದು ಅಲ್ಲೇ ನಡುಗುತ್ತ ನಿಂತಿತು. ಬಾನೆಟ್ಟಿನ ಒಳಗೆಲ್ಲೋ ಸಣ್ಣ ಸಿಳ್ಳೆಯಂಥ ಸದ್ದು. ಬೆನಕಪ್ಪ ತನಗೆ ತಿಳಿದದ್ದನ್ನೆಲ್ಲ ಮಾಡಿದ. ಅಜ್ಜಂಪುರದ ಕಡೆಯ ಕರಿಮಣ್ಣಿನ ಧೂಳು ಕಟ್ಟಿರಬಹುದೆಂದು ಗಾಳಿಯ ಫಿಲ್ಟರ್ ಬದಲಾಯಿಸಿದ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತಿದ್ದ ನೀರು ಬಸಿದ. ನಟ್ಟುಗಳನ್ನು ಬಿಗಿ ಮಾಡಿದ. ಗಾಡಿ ನಿಂತಿರುವಾಗ ಎಲ್ಲವೂ ಸರಿಯಾಗಿಯೇ ಇತ್ತು. ಭಾರ ಬಿದ್ದು ಏರು ಬಂದಾಗ ಮಾತ್ರ ಮತ್ತೆ ಅದೇ ತಡವರಿಕೆ. ತನ್ನ ಕೈಮೀರಿದ್ದನ್ನು ಮೇಲಿನವರಿಗೆ ತಿಳಿಸುವುದು ಕರ್ತವ್ಯವೆಂದು ಅವನು ವಾಹನದ ದೂರು ಪುಸ್ತಕವನ್ನು ತೆಗೆದುಕೊಂಡು, ಏಳನೆಯ ತರಗತಿಯವರೆಗೆ ಕಲಿತ ದುಂಡು ಅಕ್ಷರಗಳಲ್ಲಿ ಹೀಗೆ ಬರೆದ:

“ಏರಿನಲ್ಲಿ ದಮ್ಮು ಬರುತ್ತದೆ. ಎಷ್ಟು ಕಾಲೊತ್ತಿದರೂ ಮೇಲಕ್ಕೆ ಹತ್ತಲು ಆಗುವುದಿಲ್ಲ. ಒಳಗೆ ಸಿಳ್ಳೆಯಂಥ ಸದ್ದು. ತಿಳಿದವರಿಂದ ಪರೀಕ್ಷೆ ಮಾಡಿಸಬೇಕು.”

ಲಾರಿಯವರ ಬಾಯಲ್ಲಿ ಎಂಜಿನ್ನಿನ ಬಲಕ್ಕೂ ದಮ್ಮು ಎನ್ನುತ್ತಾರೆ, ಅದು ಏದುಸಿರು ಬಿಟ್ಟರೆ ಅದಕ್ಕೂ ದಮ್ಮು ಎನ್ನುತ್ತಾರೆ. ಮನುಷ್ಯನ ಉಬ್ಬಸಕ್ಕೂ ನಮ್ಮ ಕಡೆ ಅದೇ ಮಾತು. ಬೆನಕಪ್ಪನ ವಾಕ್ಯದಲ್ಲಿ ಇಲ್ಲದಿದ್ದದ್ದು ಚತುರ್ಥೀ ವಿಭಕ್ತಿಯ ಒಂದು ಪದ: ‘ಗಾಡಿಗೆ’. ಆ ಪದವಿಲ್ಲದೆಯೂ ಕನ್ನಡದ ವಾಕ್ಯ ನೆಟ್ಟಗೆ ನಿಲ್ಲುತ್ತದೆ. ಎದುರಿಗಿರುವುದನ್ನು ಮತ್ತೆ ಹೆಸರಿಸಬೇಕೆಂಬ ಹಟ ನಮ್ಮ ಭಾಷೆಗಿಲ್ಲ. ಅದನ್ನು ಓದುವವನ ವಿವೇಕಕ್ಕೆ ಬಿಟ್ಟುಕೊಡುವ ಸೌಜನ್ಯ ಅದಕ್ಕಿದೆ.

ಆ ವಿವೇಕವನ್ನು ಯಾರ ಕೈಗೆ ಬಿಟ್ಟಿತ್ತೋ ಅವರು ಗುಮಾಸ್ತ ಪಂಚಾಕ್ಷರಪ್ಪನವರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಒತ್ತಕ್ಷರ ತಪ್ಪಿದರೆ ಹಾಳೆಯನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದ ಅಚ್ಚುಕಟ್ಟಿನ ಮನುಷ್ಯ. ಆಗಿನ ಎಂಜಿನಿಯರು ಕನ್ನಡ ಓದಲು ಬಾರದ ಉತ್ತರ ಭಾರತದವರಾದ್ದರಿಂದ ಪುಸ್ತಕದ ಸಾಲುಗಳನ್ನೆಲ್ಲ ತಿಂಗಳಿಗೊಮ್ಮೆ ಇಂಗ್ಲಿಷಿಗೆ ತಿರುಗಿಸಿ ಕೊಡುವುದು ಅವರ ಕೆಲಸವಾಗಿತ್ತು. ಇಂಗ್ಲಿಷಿನಲ್ಲಿ ಯಾರಿಗೆ ಏನಾಯಿತೆಂದು ಹೇಳದೆ ವಾಕ್ಯ ಮುಂದೆ ಸಾಗುವುದಿಲ್ಲ. ಪಂಚಾಕ್ಷರಪ್ಪನವರು ಅಲ್ಲೊಂದು ಪದವನ್ನು ಸೇರಿಸಲೇಬೇಕಾಯಿತು. ಸಾಲಿನ ಎಡಗಡೆಯ ಅಂಕಣದಲ್ಲಿ ‘ಬೆನಕಪ್ಪ, ಚಾಲಕ’ ಎಂದಿತ್ತು. ಅದನ್ನೇ ಸೇರಿಸಿದರು. ಏರು ಹತ್ತುವಾಗ ಚಾಲಕನಿಗೆ ಉಬ್ಬಸ ಬರುತ್ತಿದೆಯೆಂದೂ, ಎದೆಯಲ್ಲಿ ಸಿಳ್ಳೆಯ ಸದ್ದಾಗುತ್ತಿದೆಯೆಂದೂ, ವೈದ್ಯರ ಪರೀಕ್ಷೆಯನ್ನು ಅವನೇ ಕೋರಿದ್ದಾನೆಂದೂ ಬೆರಳಚ್ಚಾಯಿತು. ಎಂಜಿನಿಯರು ಸಹಿ ಹಾಕಿದರು.

ಹತ್ತು ದಿನಗಳ ಮೇಲೆ ಬೆನಕಪ್ಪನಿಗೆ ಒಂದು ಚೀಟಿ ಬಂತು. ‘ತಾವು ಕೋರಿದ ಪರೀಕ್ಷೆಯ ಸಲುವಾಗಿ ಬುಧವಾರ ಹನ್ನೊಂದು ಗಂಟೆಗೆ ಕಡೂರಿನ ಈ ವಿಳಾಸದಲ್ಲಿ ಹಾಜರಾಗುವುದು.’ ತನ್ನ ಮಾತಿಗೆ ಇಷ್ಟು ಬೇಗ ಬೆಲೆ ಬಂದದ್ದು ಕಂಡು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬುಧವಾರ ಬೆಳಿಗ್ಗೆ ಕಾರನ್ನು ತೊಳೆದು, ಬಾನೆಟ್ಟಿನ ಒಳಗನ್ನೂ ಬಟ್ಟೆಯಿಂದ ಒರೆಸಿ, ಬೀರೂರಿನ ಮೇಲೆ ಕಡೂರಿಗೆ ಹೋದ. ವಿಳಾಸದ ಮನೆಯ ಮುಂದೆ ಗಾಡಿ ನಿಲ್ಲಿಸಿ, ನೋಡುವವರಿಗೆ ಅನುಕೂಲವಾಗಲೆಂದು ಬಾನೆಟ್ ತೆರೆದಿಟ್ಟು, ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತ. ಅಲ್ಲಿ ಕೆಮ್ಮುವವರು, ಹಣೆಗೆ ಬಟ್ಟೆ ಕಟ್ಟಿಕೊಂಡವರು ಇದ್ದರು. ಮೆಕ್ಯಾನಿಕ್ಕಿಗೆ ಡಾಕ್ಟರೊಬ್ಬರು ಮನೆ ಬಾಡಿಗೆಗೆ ಕೊಟ್ಟಿರಬೇಕೆಂದು ಅವನು ತಿಳಿದ. ನಗಬೇಡಿ. ಓದಿದ್ದನ್ನು ನಂಬಿದವನು ಅವನೊಬ್ಬನೇ.

ವೈದ್ಯರು ಕರೆದು ಕಾಗದ ನೋಡಿದರು. ಎಷ್ಟು ದಿನದಿಂದ ಎಂದು ಕೇಳಿದರು.

“ದೀಪಾವಳಿ ಆದಾಗ್ಲಿಂದ ಸ್ವಾಮಿ.”

“ಯಾವಾಗ ಜಾಸ್ತಿ?”

“ಏರಲ್ಲಿ. ಹಿಂದೆ ನಾಲ್ಕು ಜನ ಕೂತಿದ್ರೆ ಇನ್ನೂ ಜಾಸ್ತಿ.”

ವೈದ್ಯರು ತಲೆಯೆತ್ತಿ ನೋಡಿ, ಜನಸಂದಣಿಯಲ್ಲಿ ಹಾಗಾಗುವುದುಂಟೆಂದು ತಾವೇ ಸಮಾಧಾನ ಮಾಡಿಕೊಂಡರು. “ಹೊಗೆ ಇದೆಯಾ?” ಎಂದರು.

“ಇದೆ ಸ್ವಾಮಿ, ಕರ್ರಗೆ. ಮೊದ್ಲು ಇರ್ಲಿಲ್ಲ.”

ವೈದ್ಯರು ಅದನ್ನೂ ಬರೆದುಕೊಂಡು, ಅಂಗಿ ಬಿಚ್ಚಲು ಹೇಳಿದರು. ಬೆನಕಪ್ಪನಿಗೆ ಏನೂ ಅರ್ಥವಾಗಲಿಲ್ಲ. ತಣ್ಣನೆಯ ಬಿಲ್ಲೆ ಎದೆಗೆ ತಾಗಿದಾಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವನು ಅವರ ಕೈಯನ್ನು ಹಿಡಿದೇಬಿಟ್ಟ.

“ನಂಗಲ್ಲ ಸ್ವಾಮಿ, ಗಾಡಿಗೆ. ದಮ್ಮು ಬಂದಿರೋದು ಗಾಡಿಗೆ. ಹೊರಗೆ ನಿಲ್ಸಿದೀನಿ, ಬಂದು ನೋಡಿ.”

“ಕೆಲಸ ಹೋಗುತ್ತೆ ಅಂದಾಗ ಎಲ್ರೂ ಹಿಂಗೇ ಅನ್ನೋದು ಕಣಪ್ಪ,” ಎಂದರು ವೈದ್ಯರು, ಗದರಿಸದೆ, ಕನಿಕರದಿಂದಲೇ. ಆ ಕನಿಕರವೇ ಅವನ ಬಾಯಿ ಕಟ್ಟಿತು. ಎದೆಯಲ್ಲಿ ಆಗ ಯಾವ ಸದ್ದೂ ಕೇಳಿಸಲಿಲ್ಲವೆಂದು ಅವರು ಪ್ರಾಮಾಣಿಕವಾಗಿ ಬರೆದರು. ಆದರೆ ಈ ಕಾಯಿಲೆ ಸುಮ್ಮನೆ ಕುಳಿತಿರುವಾಗ ಕಾಣಿಸುವುದಿಲ್ಲವಾದ್ದರಿಂದ, ಸದ್ದಿಲ್ಲವೆಂದರೆ ಕಾಯಿಲೆಯಿಲ್ಲವೆಂದು ಹೇಳಲಾಗದು. ಏರು ದಾರಿಗಳಲ್ಲಿ ಇವನ ಕೈಗೆ ವಾಹನ ಕೊಡದಿರುವುದು ಕ್ಷೇಮ ಎಂದೂ ಸೇರಿಸಿದರು. ನೋಡಿ, ಎಷ್ಟು ಚೊಕ್ಕವಾದ ತರ್ಕ. ಇದಕ್ಕೆ ಎದುರಾಗಿ ಯಾವ ಆರೋಗ್ಯವಂತ ತಾನೇ ಏನನ್ನು ಸಾಬೀತು ಮಾಡಬಲ್ಲ?

ಬೆನಕಪ್ಪ ತರೀಕೆರೆಗೆ ಹಿಂದಿರುಗಿ ಪಂಚಾಕ್ಷರಪ್ಪನವರಿಗೆ ವಿಷಯ ತಿಳಿಸಿದ. ವೈದ್ಯರ ಕಾಗದ ಬರಲಿ, ನೋಡೋಣ ಎಂದರು. ಕಾಗದ ಬಂತು, ಆಜ್ಞೆಯೂ ಬಂತು. ಚಾಲಕನ ಕೆಲಸದಿಂದ ಬಿಡಿಸಿ, ಅಜ್ಜಂಪುರದ ರೈಲು ನಿಲ್ದಾಣದ ಬಳಿಯಿರುವ ಪೈಪು ಉಗ್ರಾಣದ ಕಾವಲಿಗೆ ಅವನನ್ನು ಹಾಕಲಾಗಿತ್ತು. ಸಂಬಳ ಕಡಿಮೆ ಮಾಡಿರಲಿಲ್ಲ. ಅದನ್ನೇ ಎಲ್ಲರೂ ದೊಡ್ಡ ಉಪಕಾರವೆಂಬಂತೆ ಎತ್ತಿ ಎತ್ತಿ ಹೇಳಿದರು.

ಆಜ್ಞೆಯಲ್ಲಿದ್ದ ರೋಗದ ಹೆಸರು ಕಚೇರಿಯ ಮೆಟ್ಟಿಲಿಳಿದು ಪೇಟೆಗೆ ಬಂದಾಗ ಇನ್ನೂ ಬೆಳೆದಿತ್ತು. ದಮ್ಮು ಅಂಟುವುದಿಲ್ಲ. ಶಾಲೆಯ ಆರೋಗ್ಯ ಪಾಠದಲ್ಲಿ ಕಲಿತು ಅಂಕ ಗಳಿಸಿದವರೂ ಅದನ್ನು ಕ್ಷಯದ ಜೊತೆ ಕಲಸಿಕೊಂಡರು. ಹೋಟೆಲಿನಲ್ಲಿ ಪಕ್ಕ ಕುಳಿತವರು ಮೇಜು ಬದಲಾಯಿಸಿದರು. ಕ್ಷೌರದವನು ಮುಖಕ್ಕೆ ಸೋಪು ಹಚ್ಚುವಾಗ ತಾನು ಉಸಿರು ಬಿಗಿಹಿಡಿದ. ಒಂದು ಬೆಳಿಗ್ಗೆ ವಿಶಾಲಾಕ್ಷಮ್ಮ ಕೊಟ್ಟ ಕಾಫಿಯ ಲೋಟದ ತಳದಲ್ಲಿ, ಬೇರೆ ಲೋಟಗಳ ಜೊತೆ ಸೇರದಿರಲೆಂದು ಹಾಕಿದ ಸುಣ್ಣದ ಗುರುತಿತ್ತು. ಅವನು ಅದನ್ನು ನೋಡಿದ್ದನ್ನು ಆಕೆ ನೋಡಿದಳು.

“ಮಕ್ಕಳಿರೋ ಮನೆ ಕಣಪ್ಪ. ನಂಗೇನೂ ಇಲ್ಲ, ಸೊಸೆ ಹೆದರ್ತಾಳೆ,” ಎಂದಳು.

ಬೆನಕಪ್ಪ ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದು, ಗೋಡೆಯ ಮೇಲೆ ಬೋರಲಿಟ್ಟ. ಆ ವಾರವೇ ಪೆಟ್ಟಿಗೆ ಕಟ್ಟಿಕೊಂಡು ಅಜ್ಜಂಪುರಕ್ಕೆ ಹೋದ.

ಉಗ್ರಾಣವೆಂದರೆ ತಗಡಿನ ಉದ್ದನೆಯ ಕೊಟ್ಟಿಗೆ. ಒಳಗೆ ಕಬ್ಬಿಣದ ಪೈಪುಗಳು, ಕೈಪಂಪಿನ ಹಿಡಿಗಳು, ರಬ್ಬರ್ ವಾಷರಿನ ಡಬ್ಬಗಳು. ಹೊರಗೆ ಒಂದು ಸ್ಟೂಲು. ನಿಲ್ದಾಣದಲ್ಲಿ ಈರುಳ್ಳಿಯ ಕಾಲ ಮುಗಿದ ಮೇಲೆ ಜನಸಂಚಾರವೂ ಇಲ್ಲ. ಬೀರೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಬಂದು ನಿಂತು ಹೋದರೆ ಆ ಹೊತ್ತಿನ ಮಾತು ಮುಗಿಯಿತು, ಮಾತೆಂದರೆ ರೈಲಿನದೇ. ಲಾರಿಯಲ್ಲಿದ್ದಾಗಲೂ ಅವನು ಒಂಟಿಯೇ. ಆದರೆ ಆ ಒಂಟಿತನಕ್ಕೆ ಚಕ್ರಗಳಿದ್ದವು, ಒಂದು ಊರು ಹಿಂದೆ ಬಿದ್ದು ಇನ್ನೊಂದು ಎದುರಾಗುತ್ತಿತ್ತು. ಇಲ್ಲಿ ಅದು ಸ್ಟೂಲಿನ ಮೇಲೆ ಅವನ ಜೊತೆಗೇ ಕುಳಿತಿರುತ್ತಿತ್ತು. ಸಂಜೆ ಗೇಟು ಹಾಕುವಾಗ, ಬೆಳಗಿನಿಂದ ತಾನು ಒಂದು ಶಬ್ದವನ್ನೂ ಆಡಿಲ್ಲವೆಂಬುದು ಅವನಿಗೆ ಎಷ್ಟೋ ದಿನ ನೆನಪಿಗೆ ಬರುತ್ತಿತ್ತು. ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ಪೈಪು ಎತ್ತಿಟ್ಟು ಬಂದು ಕುಳಿತಾಗ ಅವನು ತನ್ನ ಉಸಿರನ್ನೇ ಕಿವಿಗೊಟ್ಟು ಕೇಳತೊಡಗಿದ್ದ. ಅಷ್ಟು ಜನ ಓದಿದವರು ಹೇಳಿದ ಮೇಲೆ, ಇರಬಹುದೇ ಎಂಬ ಅನುಮಾನ ಅವನಿಗೂ ಒಂದೆರಡು ಸಲ ಬಂತು. ಸುಳ್ಳನ್ನು ಬರೆದು ಸಹಿ ಹಾಕಿದರೆ ಅದು ಸತ್ಯವಂತನ ಎದೆಯೊಳಕ್ಕೂ ಇಳಿದು ಮನೆಮಾಡುತ್ತದೆ. ಇದಕ್ಕಿಂತ ದೊಡ್ಡ ಕೇಡು ಇನ್ನಾವುದಿದೆ?

ಅಲ್ಲಿ ಅವನ ಪಕ್ಕ ಹಿಂಜರಿಯದೆ ಕುಳಿತವನು ಟೈರು ರಿಪೇರಿಯ ರಹಮತ್ ಉಲ್ಲಾ. ನಿಲ್ದಾಣದ ರಸ್ತೆಯಲ್ಲಿ ಅವನ ಅಂಗಡಿ. ಲಾರಿಯ ಕಾಲದ ಪರಿಚಯ. ದಮ್ಮಿನ ವಿಷಯ ಕೇಳಿ ಅವನು, “ಟ್ಯೂಬು ನೋಡ್ದೆ ಪಂಚರ್ ಬರ್ದವ್ರಲ್ಲೋ ಬೆನಕಪ್ಪಾ,” ಎಂದಷ್ಟೇ ಹೇಳಿ, ತನ್ನ ಚಹಾದ ಅರ್ಧವನ್ನು ಬಸಿಗೆ ಬಗ್ಗಿಸಿ ಮುಂದೆ ಚಾಚಿದ್ದ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅದೇ ಬಿಳಿ ಕಾರು ಪೈಪು ತುಂಬಿಕೊಳ್ಳಲು ಉಗ್ರಾಣಕ್ಕೆ ಬಂತು. ಗೇಟಿನ ಹತ್ತಿರದ ಸಣ್ಣ ಏರಿನಲ್ಲಿ ಅದು ‘ಆಂ?’ ಎಂದದ್ದು ಬೆನಕಪ್ಪನಿಗೆ ಸ್ಟೂಲಿನ ಮೇಲಿಂದಲೇ ಕೇಳಿಸಿತು. ಓಡಿಸಿಕೊಂಡು ಬಂದವನು ಹೊಸ ಚಾಲಕ ಜಯದೇವಪ್ಪ. ಬಾಯಿ ಜೋರು, ಮನಸ್ಸು ಒಳ್ಳೆಯದು. ಇಳಿದವನೇ ಬಾಗಿಲು ಬಡಿದ.

“ಬೆನಕಣ್ಣಾ, ನಿನ್ ದಮ್ಮು ಗಾಡಿಗೆ ಅಂಟಿಸ್ಬಿಟ್ಟು ಹೋಗಿದೀಯ ನೋಡು. ಏರು ಕಂಡ್ರೆ ಮುದುಕಿ ತರ ಕೂತ್ಕೊಳುತ್ತೆ.”

“ಅಂಟಿದ್ದು ಆ ಕಡೆಯಿಂದ ಈ ಕಡೆಗೆ ಕಣೋ,” ಎಂದ ಬೆನಕಪ್ಪ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ನಗೆಯಂಥದ್ದೊಂದು ಹೊರಬಂದಿತ್ತು.

ಜಯದೇವಪ್ಪ ಹೇಳಿದ ಸಂಗತಿಗಳು ಇವು. ಗಾಡಿಯನ್ನು ಬೆಂಗಳೂರಿನ ದೊಡ್ಡ ವರ್ಕ್‌ಶಾಪೊಂದಕ್ಕೆ ಕಳಿಸಿದ್ದರು. ಅಲ್ಲಿಯವರು ನಿಲ್ಲಿಸಿಟ್ಟುಕೊಂಡೇ ಎಂಜಿನ್ ಓಡಿಸಿ ನೋಡಿ, ಯಾವ ದೋಷವೂ ಇಲ್ಲವೆಂದು ಬರೆದು ಕಳಿಸಿದ್ದರು. ಈಗ ಕಚೇರಿಯಲ್ಲಿ ಜಯದೇವಪ್ಪನಿಗೇ ಗಾಡಿ ಓಡಿಸಲು ಬರುವುದಿಲ್ಲವೆನ್ನುತ್ತಿದ್ದರು. ಮುಂದಿನ ವಾರ ನೆರವು ಕೊಟ್ಟ ದೇಶದವರು ಬಂದು ಕಲ್ಲತ್ತಿಗಿರಿಯ ಮೇಲಿನ ತೊಟ್ಟಿ ನೋಡುವವರಿದ್ದರು. ಅವರ ಮುಂದೆ ಗಾಡಿ ಏರಿನಲ್ಲಿ ನಿಂತರೆ ತನ್ನ ಕೆಲಸವೂ ಹೋದಂತೆಯೇ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ.

ಬೆನಕಪ್ಪ ಬಾನೆಟ್ ಎತ್ತಿದ. ಈ ಗಾಡಿಯ ದೋಷ ಸಿಕ್ಕರೆ ತನ್ನ ಎದೆಯ ಮೇಲೆ ಬರೆದದ್ದು ಅಳಿಸುತ್ತದೆ, ಮತ್ತೆ ಆ ಸೀಟು ತನ್ನದಾಗುತ್ತದೆ ಎಂಬುದೊಂದೇ ಅವನ ತಲೆಯಲ್ಲಿ. ನಿಂತಾಗ ಇಲ್ಲದ್ದು ಏರಿನಲ್ಲಿ ಬರುತ್ತದೆ, ಏರಿನಲ್ಲಿ ಹೆಚ್ಚುವುದೇನು? ಟರ್ಬೊ ಒತ್ತುವ ಗಾಳಿ. ಹಾಗಾದರೆ ಆ ಗಾಳಿಯೇ ದಾರಿಯಲ್ಲೆಲ್ಲೋ ತಪ್ಪಿಸಿಕೊಳ್ಳುತ್ತಿದೆ. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಉರಿಯದ್ದರಿಂದ ಕಪ್ಪು ಹೊಗೆ. ತಪ್ಪಿಸಿಕೊಳ್ಳುವ ಗಾಳಿಯದೇ ಸಿಳ್ಳೆ. ಸ್ಟೂಲಿನ ಮೇಲೆ ಕುಳಿತು ತಿಂಗಳುಗಟ್ಟಲೆ ಯೋಚಿಸಿದ್ದನ್ನು ಅವನು ಬಾಯಿಬಿಟ್ಟು ಹೇಳಿದ. ಎಲ್ಲಿಂದ ಎಂಬುದಷ್ಟೇ ತಿಳಿಯಬೇಕಿತ್ತು. ನಿಂತ ಗಾಡಿಯಲ್ಲಿ ಏರಿನ ಒತ್ತಡ ಹುಟ್ಟಿಸುವುದು ಹೇಗೆ?

ದಾರಿ ತೋರಿಸಿದವನು ರಹಮತ್ ಉಲ್ಲಾ. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ತೂತು ತಾನೇ ಗುಳ್ಳೆ ಬಿಟ್ಟು ಹೇಳುತ್ತದೆ. ಗಾಡಿಯನ್ನು ಮುಳುಗಿಸುವಷ್ಟು ದೊಡ್ಡ ಬೋಗುಣಿ ಇಲ್ಲ. ನೀರನ್ನೇ ಗಾಡಿಯ ಹತ್ತಿರ ತಂದರಾಯಿತು ಎಂದ. ವಾಲ್ವು ಇರುವ ಕಡೆ ಹಳೆಯ ಟ್ಯೂಬಿನ ತುಂಡೊಂದನ್ನು ಕತ್ತರಿಸಿ, ಟರ್ಬೊ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ತಮಟೆಗೆ ಚರ್ಮ ಬಿಗಿದಂತೆ ಬಿಗಿದು ಕಟ್ಟಿದ. ವಾಲ್ವಿಗೆ ತನ್ನ ಪಂಪಿನ ಮೆತುಕೊಳವೆ ಸಿಕ್ಕಿಸಿ ಮೆಲ್ಲನೆ ಗಾಳಿ ಬಿಟ್ಟ. ಬಟ್ಟೆ ಸೋಪಿನ ನೊರೆಯಲ್ಲಿ ಬೆನಕಪ್ಪ ಕುಂಚವನ್ನು ಅದ್ದಿ, ಗಾಳಿ ಹೋಗುವ ದಾರಿಯುದ್ದಕ್ಕೂ ಹಚ್ಚುತ್ತ ಹೋದ. ಫಿಲ್ಟರಿನ ಡಬ್ಬ, ಒಂದು ತಿರುವು, ಇನ್ನೊಂದು ತಿರುವು. ಎಲ್ಲಿಯೂ ನೊರೆ ಅಲುಗಲಿಲ್ಲ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸಿನ ಮೇಲ್ಮೈಯೂ ಸುಮ್ಮನಿತ್ತು. ಆಮೇಲೆ ಅವನು ಕೈಯನ್ನು ಹೋಸಿನ ಹೊಟ್ಟೆಯ ಕೆಳಗೆ ತೂರಿಸಿ, ಕಣ್ಣಿಗೆ ಕಾಣದ ಕಡೆಗೆ ನೊರೆ ಹಚ್ಚಿದ.

ಅಲ್ಲಿ ಒಂದು ಗುಳ್ಳೆ ಎದ್ದಿತು. ಅವರೆಕಾಳಿನಷ್ಟಿದ್ದದ್ದು ನಿಂಬೆಯಷ್ಟಾಗಿ ಒಡೆಯಿತು. ಅದರ ಹಿಂದೆಯೇ ಮತ್ತೊಂದು. ಬೆನಕಪ್ಪ ಬಾಗಿದ್ದವನು ಬಾಗಿದಂತೆಯೇ ಬಹಳ ಹೊತ್ತು ಇದ್ದ. ರಹಮತ್ ಉಲ್ಲಾ ಪಂಪು ನಿಲ್ಲಿಸಿ, ಹೋಸಿನ ಕ್ಲಿಪ್ಪು ಸಡಿಲಿಸಲು ತಿರುಪುಳಿ ತಂದ.

ಹೋಸನ್ನು ಬಿಚ್ಚಿ ನೋಡಿದರೆ ಕ್ಲಿಪ್ಪಿನ ಪಕ್ಕದಲ್ಲಿ, ಎಣ್ಣೆ ನೆನೆದು ಮೆತ್ತಗಾದ ಕಡೆ, ಹೆಬ್ಬೆರಳಿನ ಗೆಣ್ಣಿನಷ್ಟು ಉದ್ದದ ಸೀಳು. ಸುಮ್ಮನೆ ಇಟ್ಟರೆ ಮುಚ್ಚಿದ ತುಟಿಯಂತೆ, ಗೆರೆಯೂ ಕಾಣದಂತೆ ಕೂಡಿಕೊಳ್ಳುತ್ತಿತ್ತು. ಒಳಗಿನಿಂದ ಒತ್ತಿದರೆ ಬಾಯಿ ಬಿಡುತ್ತಿತ್ತು. ಅದೇ ಅಳತೆಯ ಲಾರಿಯ ರೇಡಿಯೇಟರ್ ಹೋಸನ್ನು ರಹಮತ್ ಉಲ್ಲಾ ಹುಡುಕಿ ತಂದ. ಹೊಸದು ಬರುವವರೆಗೆ ಅದು ಸಾಕೆಂದು ಎರಡೆರಡು ಕ್ಲಿಪ್ಪು ಹಾಕಿ ಬಿಗಿದರು. ಪೈಪು ತುಂಬಿದ ಗಾಡಿಯಲ್ಲಿ ಜಯದೇವಪ್ಪ ಚಾಲಕನ ಸೀಟಿನಲ್ಲಿ ಕುಳಿತ. ಬೆನಕಪ್ಪ ಪಕ್ಕದಲ್ಲಿ ಕುಳಿತ. ‘ನೀನೇ ಓಡ್ಸು ಬೆನಕಣ್ಣ’ ಎಂದು ಜಯದೇವಪ್ಪ ಬೀಗದ ಕೈ ಚಾಚಿದಾಗ ಬೆನಕಪ್ಪ ಬೇಡವೆಂದು ತಲೆಯಾಡಿಸಿದ. ಆಜ್ಞೆ ಇರುವಾಗ ಮುಟ್ಟುವುದು ತಪ್ಪು. ಆಜ್ಞೆ ತಿದ್ದಿಸಿಕೊಂಡೇ ಮುಟ್ಟುತ್ತೇನೆ ಎಂದ.

ತರೀಕೆರೆಯ ದಾರಿಯ ಮೊದಲ ಏರಿನಲ್ಲೇ ಮುಳ್ಳು ಹಸಿರು ಗೆರೆಯ ತುದಿಗೆ ಹೋಗಿ ನಿಂತಿತು. ಹೊಗೆಯಿಲ್ಲ, ಸಿಳ್ಳೆಯಿಲ್ಲ.

ಕಚೇರಿಯಲ್ಲಿ ಅವನು ಸೀಳಿದ ಹೋಸನ್ನು ಪಂಚಾಕ್ಷರಪ್ಪನವರ ಮೇಜಿನ ಮೇಲಿಟ್ಟ. ಸೀಳನ್ನು ಬೆರಳಿಂದ ಬಿಡಿಸಿ ತೋರಿಸಿ, ದೂರು ಪುಸ್ತಕ ತೆಗೆದು ತನ್ನ ಸಾಲನ್ನು ಓದಬೇಕೆಂದು ಬೇಡಿದ. ಪಂಚಾಕ್ಷರಪ್ಪನವರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಎರಡನೆಯ ಸಲ ಓದುವಾಗ ಅವರ ಮುಖದ ಬಣ್ಣ ಇಳಿಯಿತು.

“‘ಗಾಡಿಗೆ’ ಅಂತ ಒಂದು ಮಾತು ಬರೆದಿದ್ರೆ ಏನಾಗ್ತಿತ್ತಪ್ಪಾ ನಿಂಗೆ?”

“ಗಾಡಿ ಪುಸ್ತಕ ಅಲ್ವೇ ಸ್ವಾಮಿ ಅದು? ಅದ್ರಲ್ಲಿ ನನ್ನ ಎದೆ ವಿಷ್ಯ ನಾನ್ಯಾಕೆ ಬರೀಲಿ?”

ಪಂಚಾಕ್ಷರಪ್ಪನವರು ಪುಸ್ತಕ ಮುಚ್ಚಿದರು. ಅವರು ಒಳಗೆ ಹೋಗಿ, ಆಗತಾನೆ ಬಂದಿದ್ದ ಹೊಸ ಎಂಜಿನಿಯರ ಹತ್ತಿರ ಬಹಳ ಹೊತ್ತು ಮಾತಾಡಿಕೊಂಡು ಬಂದರು. ಹಿಂದಿರುಗಿದಾಗ ಕೈಯಲ್ಲಿ ಬೆರಳಚ್ಚಾದ ಒಂದು ಹಾಳೆಯಿತ್ತು. ಬೆನಕಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿ ಹೇಳಿದರು: ಸಾಹೇಬರಿಗೆ ಬಹಳ ಸಂತೋಷವಾಗಿದೆ. ನಾಳೆಯಿಂದಲೇ ಗಾಡಿ ಅವನ ಕೈಗೆ ಕೊಡಲು ಸಿದ್ಧರಿದ್ದಾರೆ. ಆದರೆ ಹಳೆಯ ಕಾಗದವನ್ನು ತಪ್ಪೆಂದರೆ ವೈದ್ಯರ ಬರಹವೂ ಮೇಲಿನವರ ಆಜ್ಞೆಯೂ ತಪ್ಪಾಗುತ್ತವೆ, ವಿಚಾರಣೆ ಏಳುತ್ತದೆ. ಅದರ ಬದಲು ಈ ಅರ್ಜಿಗೆ ಅವನು ಸಹಿ ಹಾಕಿದರೆ ಸಾಕು. ‘ನನಗಿದ್ದ ದಮ್ಮಿನ ಕಾಯಿಲೆ ಚಿಕಿತ್ಸೆಯಿಂದ ಪೂರ್ತಿ ವಾಸಿಯಾಗಿರುವುದರಿಂದ ಚಾಲಕನ ಹುದ್ದೆಗೆ ಮರಳಿ ನೇಮಿಸಬೇಕಾಗಿ ಬೇಡಿಕೊಳ್ಳುತ್ತೇನೆ.’

ಬೆನಕಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು, ಬೆರಳಿಟ್ಟು, ಒಂದೊಂದೇ ಪದವನ್ನು ಓದಿದ. ಕಿಟಕಿಯಾಚೆ ಬೇವಿನ ಮರದ ಕೆಳಗೆ ಬಿಳಿ ಕಾರು ನಿಂತಿತ್ತು. ಒಂದು ಸಹಿ ಹಾಕಿದರೆ ನಾಳೆ ಬೆಳಿಗ್ಗೆ ಆ ಸೀಟು. ತಗಡಿನ ಕೊಟ್ಟಿಗೆಯಿಲ್ಲ, ಸ್ಟೂಲಿಲ್ಲ. ಅವನು ಪೆನ್ನನ್ನೂ ತೆಗೆದುಕೊಂಡ. ಆಮೇಲೆ ಅದರ ಮುಚ್ಚಳವನ್ನು ಮುಚ್ಚಿ ಮೇಜಿನ ಮೇಲಿಟ್ಟ.

“ಇದಕ್ಕೆ ರುಜು ಹಾಕಿದ್ರೆ, ನನ್ನ ಕಂಡು ಎದ್ದು ಹೋದೋರೆಲ್ಲ ಸರಿ ಅಂತಾಗುತ್ತೆ ಸ್ವಾಮಿ. ನಂಗೆ ಇರ್ಲೇ ಇಲ್ಲ. ಇಲ್ದಿದ್ದು ಹೆಂಗೆ ವಾಸಿಯಾಗುತ್ತೆ?”

“ಹಟ ಮಾಡ್ಬೇಡ ಕಣಯ್ಯಾ. ನಂಗಿನ್ನು ಒಂದೂವರೆ ವರ್ಷ ಸರ್ವೀಸಿದೆ,” ಎಂದರು ಪಂಚಾಕ್ಷರಪ್ಪನವರು. ಅದು ಆಜ್ಞೆಯಾಗಿರಲಿಲ್ಲ, ಯಾಚನೆಯಾಗಿತ್ತು. ಬೆನಕಪ್ಪ ಅವರಿಗೆ ಕೈಮುಗಿದ. ಅವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಸಿಟ್ಟಾಗಬೇಕಾದವರು ನಾವು.

ಸಂಜೆಯ ಬಸ್ಸಿನಲ್ಲಿ ಅವನು ಅಜ್ಜಂಪುರಕ್ಕೆ ಹಿಂದಿರುಗಿದ. ಮೂರು ಜನ ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬನೇ ಕುಳಿತಿದ್ದ. ನಿಂತಿದ್ದ ತರೀಕೆರೆಯ ಇಬ್ಬರು ಪರಿಚಯಸ್ಥರು ನಿಂತೇ ಬಂದರು. ಮುಂದಿನ ವಾರ ಹೊರದೇಶದವರು ಬಂದರು, ಗಾಡಿ ಕಲ್ಲತ್ತಿಗಿರಿಯ ಏರನ್ನು ಒಂದೇ ಉಸಿರಿಗೆ ಹತ್ತಿತು, ಎಲ್ಲರೂ ಗಾಡಿಯನ್ನು ಹೊಗಳಿದರು. ಜಯದೇವಪ್ಪ ಬಂದು ಅದನ್ನು ಹೇಳಿದಾಗ ಬೆನಕಪ್ಪ ಮುಳ್ಳು ಎಲ್ಲಿಯವರೆಗೆ ಹೋಯಿತೆಂದು ಮಾತ್ರ ಕೇಳಿದ. ತುದಿಗೆ ಹೋಯಿತೆಂದು ಕೇಳಿ, ಎದ್ದು, ಪೈಪು ಎಣಿಸಲು ಒಳಗೆ ಹೋದ.

ಅವನು ಈಗಲೂ ಅಲ್ಲಿಯೇ ಇದ್ದಾನೆ. ಅವನ ಹಾಳೆ ಸಹಿಯಿಲ್ಲದೆ ಕಡತದಲ್ಲಿದೆ. ಒಳಗಿನವರು ತಾವಾಗಿ ಏನನ್ನೂ ತಿದ್ದುವುದಿಲ್ಲ. ಕೇಳುವವರು ಹೊರಗಿದ್ದಾರೆಂದು ತಿಳಿದರೆ ಮಾತ್ರ ತಿದ್ದುತ್ತಾರೆ. ಆದುದರಿಂದ, ಓದು ಬಲ್ಲ ನೀವು, ಒಂದು ಅಂಚೆ ಕಾರ್ಡು ತೆಗೆದುಕೊಳ್ಳಿ. ತರೀಕೆರೆಯ ಆ ನೀರಿನ ಕಚೇರಿಗೆ ಬರೆಯಿರಿ. ಬೆನಕಪ್ಪನನ್ನು ಹೊಗಳಬೇಡಿ, ಅವನ ಪರವಾಗಿ ಕರುಣೆ ಬೇಡಬೇಡಿ. ವಾಹನದ ದೂರು ಪುಸ್ತಕದ ಐವತ್ತೆರಡನೆಯ ಪುಟವನ್ನು, ಅದು ವಾಹನದ ಪುಸ್ತಕವೆಂಬ ನೆನಪಿಟ್ಟುಕೊಂಡು, ಇನ್ನೊಮ್ಮೆ ಓದಿ ಉತ್ತರಿಸಿರೆಂದು ಕೇಳಿ. ಕೆಳಗೆ ನಿಮ್ಮ ಹೆಸರನ್ನೂ ಊರನ್ನೂ ಬಿಡಿಸಿ ಬರೆಯಿರಿ. ಇಂದಿನ ಟಪಾಲು ಹೊರಡುವುದರೊಳಗೆ ಅದನ್ನು ಡಬ್ಬಿಗೆ ಹಾಕಿ.